ಲ್ಯಾಪ್‌ಟಾಪ್‌ನಿಂದ ಸರ್ವರ್‌ವರೆಗೆ: ಜುಪಿಟರ್ ನೋಟ್‌ಬುಕ್ ಸರಿಯಾಗಿ ಇನ್‌ಸ್ಟಾಲ್ ಮಾಡೋದು ಹೇಗೆ?

ನೀವು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರಬಹುದು, ಹಾಸ್ಟೆಲ್ ರೂಮಲ್ಲಿ ಮಲಗಿ ಕೇಳ್ತಿರಬಹುದು. ಇವತ್ತಿನ ಸಂಚಿಕೆಯಲ್ಲಿ ಕೆಲವು ಕಮಾಂಡ್‌ಗಳು ಬರುತ್ತವೆ. ಅವನ್ನೆಲ್ಲ ಬಾಯಲ್ಲೇ ಬಿಡಿಸಿ ಹೇಳ್ತೀನಿ. ಕಂಪ್ಯೂಟರ್ ಮುಂದೆ ಕೂತಾಗ ಈ ಬರಹ ತೆರೆದಿಟ್ಟುಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಸಾಕು.

ನಮಗೆ ಬರುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರ್ತಾನೇ ಇದೆ. "ಜುಪಿಟರ್ ಇನ್‌ಸ್ಟಾಲ್ ಮಾಡಿದೆ, ಆದ್ರೆ ಕೆಲಸ ಮಾಡ್ತಿಲ್ಲ." ಈ ನೋವು ನನಗೆ ಚೆನ್ನಾಗಿ ಗೊತ್ತು. ಕೊನೆಯ ವರ್ಷದ ಪ್ರಾಜೆಕ್ಟ್ ಡೆಮೊ ದಿನ ನನ್ನ ಲ್ಯಾಪ್‌ಟಾಪ್‌ನಲ್ಲಿ ಹಿಂದಿನ ರಾತ್ರಿವರೆಗೂ ಸರಾಗವಾಗಿ ಓಡಿದ್ದ ನೋಟ್‌ಬುಕ್, ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಮೊದಲ ಸೆಲ್‌ಗೇ ಕೆಂಪು ಅಕ್ಷರ ತೋರಿಸಿತು. ಮಾಡ್ಯೂಲ್ ನಾಟ್ ಫೌಂಡ್ ಅಂತ. ಪರೀಕ್ಷಕರು ಹತ್ತು ನಿಮಿಷ ಕಾದರು, ಆಮೇಲೆ ಮುಂದಿನವರನ್ನು ಕರೆದರು. ನಾಲ್ಕು ತಿಂಗಳ ಕೆಲಸ, ತೋರಿಸೋಕೇ ಆಗಲಿಲ್ಲ. ಕೋಡ್‌ನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ನಾನು ಇನ್‌ಸ್ಟಾಲ್ ಮಾಡಿದ ರೀತಿಯಲ್ಲಿ.

ಹಾಗಾಗಿ ಇವತ್ತು ಮೂರು ವಿಷಯ ಮಾತಾಡೋಣ. ನೋಟ್‌ಬುಕ್ ಅಂದ್ರೆ ಏನು, ಅದನ್ನ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಕೂರಿಸೋದು ಹೇಗೆ, ಮತ್ತು ಸರ್ವರ್‌ನಲ್ಲಿ ಕೂರಿಸೋವಾಗ ಯಾವ ತಪ್ಪು ಮಾಡಬಾರದು.

ಪ್ರಾಕ್ಟಿಕಲ್ ರೆಕಾರ್ಡ್ ಇದ್ದ ಹಾಗೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಪ್ರಾಕ್ಟಿಕಲ್ ರೆಕಾರ್ಡ್ ನೆನಪಿರುತ್ತೆ. ಉದ್ದೇಶ, ವಿಧಾನ, ಅಳತೆಗಳು, ಗ್ರಾಫ್, ಕೊನೆಗೆ ಫಲಿತಾಂಶ, ಎಲ್ಲಾ ಒಂದೇ ಪುಸ್ತಕದಲ್ಲಿ. ಜುಪಿಟರ್ ನೋಟ್‌ಬುಕ್ ಕೂಡ ಅಂಥದ್ದೇ. ಒಂದು ಸೆಲ್‌ನಲ್ಲಿ ವಿವರಣೆ ಬರೀತೀರಿ, ಮುಂದಿನ ಸೆಲ್‌ನಲ್ಲಿ ಕೋಡ್ ಬರೀತೀರಿ, ಶಿಫ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಉತ್ತರ ಅಲ್ಲೇ ಕೆಳಗೆ ಬರುತ್ತೆ. ಗ್ರಾಫ್ ಇದ್ದರೆ ಗ್ರಾಫೂ ಅಲ್ಲೇ.

ಇದರ ಬೇರು 2001ರಲ್ಲಿದೆ. ಕೊಲಂಬಿಯಾ ದೇಶದಿಂದ ಬಂದು ಅಮೆರಿಕದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಫರ್ನಾಂಡೋ ಪೆರೆಜ್ ಎಂಬ ವಿದ್ಯಾರ್ಥಿ ತನ್ನ ಅನುಕೂಲಕ್ಕೆ ಐಪೈಥಾನ್ ಅನ್ನೋ ಸಣ್ಣ ಸಾಧನ ಬರೆದ. 2011ರಲ್ಲಿ ಅದಕ್ಕೆ ಬ್ರೌಸರ್‌ನಲ್ಲಿ ತೆರೆಯುವ ನೋಟ್‌ಬುಕ್ ರೂಪ ಬಂತು. 2014ರಲ್ಲಿ ಪೈಥಾನ್ ಒಂದಕ್ಕೇ ಕಟ್ಟಿಕೊಳ್ಳದ, ಬೇರೆ ಭಾಷೆಗಳಿಗೂ ತೆರೆದ ಯೋಜನೆಯಾಗಿ ಜುಪಿಟರ್ ಹುಟ್ಟಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಭಾಷೆಗಳ ಹೆಸರು ಈ ಹೆಸರಿನೊಳಗಿದೆ. ಜೊತೆಗೆ, 1610ರಲ್ಲಿ ಗುರು ಗ್ರಹದ ಉಪಗ್ರಹಗಳನ್ನು ನೋಡಿ ತನ್ನ ಟಿಪ್ಪಣಿಯಲ್ಲಿ ಗುರುತು ಹಾಕಿಕೊಂಡ ಗೆಲಿಲಿಯೋನ ನೆನಪೂ ಇದೆ. 2017ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಈ ಯೋಜನೆಗೆ ಸಿಕ್ಕಿತು. ಗುರುತ್ವ ಅಲೆಗಳನ್ನು ಪತ್ತೆ ಮಾಡಿದ ಲೈಗೋ ತಂಡ 2016ರಲ್ಲಿ ತನ್ನ ದತ್ತಾಂಶದ ಜೊತೆಗೆ ನೋಟ್‌ಬುಕ್‌ಗಳನ್ನೂ ಬಿಡುಗಡೆ ಮಾಡಿತ್ತು. ಅಂದ್ರೆ ನೀವು ಕೂತಲ್ಲೇ ಆ ಲೆಕ್ಕವನ್ನ ಮತ್ತೆ ಓಡಿಸಿ ನೋಡಬಹುದು. ಇದೆಲ್ಲಾ ಉಚಿತ, ಮುಕ್ತ ತಂತ್ರಾಂಶ.

ಅಡುಗೆಮನೆ ಎಲ್ಲಿದೆ?

ಇನ್‌ಸ್ಟಾಲ್ ಮಾಡೋ ಮೊದಲು ಒಳಗೆ ಏನಾಗುತ್ತೆ ಅಂತ ತಿಳಿದುಕೊಂಡರೆ ಮುಂದಿನ ಅರ್ಧ ತಲೆನೋವು ಹೋಗುತ್ತೆ. ಹೋಟೆಲ್‌ಗೆ ಹೋಗಿ ಮಸಾಲೆ ದೋಸೆ ಹೇಳಿದ್ದೀರಿ ಅಂದುಕೊಳ್ಳಿ. ನೀವು ಕೂತಿರೋ ಟೇಬಲ್ ಅಂದ್ರೆ ಬ್ರೌಸರ್. ಆರ್ಡರ್ ತಗೊಂಡು ಹೋಗಿ ತಟ್ಟೆ ತಂದುಕೊಡೋ ಸಪ್ಲೈಯರ್ ಅಂದ್ರೆ ಜುಪಿಟರ್ ಸರ್ವರ್. ನಿಜವಾಗಿ ದೋಸೆ ಹುಯ್ಯೋ ಅಡುಗೆಮನೆ ಅಂದ್ರೆ ಕರ್ನಲ್. ನಿಮ್ಮ ಪೈಥಾನ್ ಕೋಡ್ ಓಡೋದು ಕರ್ನಲ್‌ನಲ್ಲಿ, ಬ್ರೌಸರ್‌ನಲ್ಲಲ್ಲ.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಅಡುಗೆಮನೆ ಟೇಬಲ್ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಬಹುದು, ದೂರದ ಸರ್ವರ್‌ನಲ್ಲೂ ಇರಬಹುದು. ಎರಡು, ಒಂದೇ ಕಂಪ್ಯೂಟರ್‌ನಲ್ಲಿ ಎರಡು ಮೂರು ಅಡುಗೆಮನೆ ಇರೋಕೆ ಸಾಧ್ಯ. ನೀವು ಒಂದು ಅಡುಗೆಮನೆಗೆ ದಿನಸಿ ತಂದು ಹಾಕಿ, ಇನ್ನೊಂದರಲ್ಲಿ ದೋಸೆ ಕೇಳಿದ್ರೆ "ಹಿಟ್ಟಿಲ್ಲ" ಅಂತಾರೆ. ನಾನು ನೋಡಿದ ಮಾಡ್ಯೂಲ್ ನಾಟ್ ಫೌಂಡ್ ದೋಷಗಳಲ್ಲಿ ಹೆಚ್ಚಿನವು ಇದೇ.

ಸ್ವಂತ ಕಂಪ್ಯೂಟರ್‌ನಲ್ಲಿ

ಮೊದಲು ಪೈಥಾನ್ ಬೇಕು. ವಿಂಡೋಸ್ ಇದ್ದವರು ಪೈಥಾನ್‌ನ ಅಧಿಕೃತ ತಾಣದಿಂದ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ಮೊದಲ ಪರದೆಯ ಕೆಳಗೆ ಪಾತ್‌ಗೆ ಸೇರಿಸು ಅನ್ನೋ ಚೌಕ ಇರುತ್ತೆ, ಅದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಆಮೇಲೆ ಪೈಥಾನ್ ಅಂತ ಟೈಪ್ ಮಾಡಿದಾಗ ಕಂಪ್ಯೂಟರ್‌ಗೆ ಅದು ಎಲ್ಲಿದೆ ಅಂತ ಗೊತ್ತಾಗಲ್ಲ. ಕೆಲವರಿಗೆ ಪೈಥಾನ್ ಅಂತ ಟೈಪ್ ಮಾಡಿದ ಕೂಡಲೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತೆ. ಹಾಗಾದರೆ ಪೈಥಾನ್ ಇನ್‌ಸ್ಟಾಲ್ ಆಗಿಲ್ಲ, ಇಲ್ಲವೇ ಪಾತ್‌ನಲ್ಲಿಲ್ಲ ಅಂತ ಅರ್ಥ.

ಉಬುಂಟು ಥರದ ಲಿನಕ್ಸ್‌ನಲ್ಲಿ ಪೈಥಾನ್ ಮೊದಲೇ ಇರುತ್ತೆ. ಅಲ್ಲಿ ಮತ್ತು ಮ್ಯಾಕ್‌ನಲ್ಲಿ ಕಮಾಂಡ್ ಹೆಸರು ಪೈಥಾನ್3, ಅಂದ್ರೆ ಕೊನೆಗೆ ಮೂರು ಅಂಕಿ ಸೇರಿಸಿ.

ಈಗ ಬಹಳ ಜನ ಬಿಟ್ಟುಬಿಡೋ ಹೆಜ್ಜೆ. ಪ್ರತಿ ಪ್ರಾಜೆಕ್ಟ್‌ಗೂ ಬೇರೆ ಅಡುಗೆಮನೆ ಮಾಡಿ. ಇದಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ ಅಂತಾರೆ. ಟರ್ಮಿನಲ್ ತೆರೆದು, ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ, ಹೀಗೆ ಟೈಪ್ ಮಾಡಿ: ಪೈಥಾನ್, ಜಾಗ ಬಿಟ್ಟು ಹೈಫನ್ ಎಂ, ಜಾಗ ಬಿಟ್ಟು ವೆನ್ವ್ ಅಂದ್ರೆ ವಿ ಇ ಎನ್ ವಿ, ಮತ್ತೆ ಜಾಗ ಬಿಟ್ಟು ನಿಮಗೆ ಇಷ್ಟವಾದ ಒಂದು ಹೆಸರು. ಹೆಸರು ಮನೆ ಅಂತಲೇ ಇಡೋಣ. ಆ ಹೆಸರಿನ ಫೋಲ್ಡರ್ ಒಂದು ಹುಟ್ಟುತ್ತೆ. ಉಬುಂಟುನಲ್ಲಿ ಈ ಹೆಜ್ಜೆ ಕೈಕೊಟ್ಟರೆ ಪೈಥಾನ್3 ಹೈಫನ್ ವೆನ್ವ್ ಅನ್ನೋ ಪ್ಯಾಕೇಜನ್ನು ಮೊದಲು ಆಪ್ಟ್ ಮೂಲಕ ಹಾಕಿಕೊಳ್ಳಬೇಕು.

ಫೋಲ್ಡರ್ ಹುಟ್ಟಿದ ಮೇಲೆ ಒಳಗೆ ಹೋಗಬೇಕು. ವಿಂಡೋಸ್‌ನಲ್ಲಿ ಮನೆ, ಹಿಂದಕ್ಕೆ ವಾಲಿದ ಗೆರೆ, ಸ್ಕ್ರಿಪ್ಟ್ಸ್, ಮತ್ತೆ ಅದೇ ಗೆರೆ, ಆಕ್ಟಿವೇಟ್. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಸೋರ್ಸ್, ಜಾಗ ಬಿಟ್ಟು ಮನೆ, ಮುಂದಕ್ಕೆ ವಾಲಿದ ಗೆರೆ, ಬಿನ್, ಮತ್ತೆ ಅದೇ ಗೆರೆ, ಆಕ್ಟಿವೇಟ್. ಸರಿಯಾಗಿದ್ದರೆ ಸಾಲಿನ ಶುರುವಿನಲ್ಲಿ ಆವರಣದೊಳಗೆ ನಿಮ್ಮ ಹೆಸರು ಕಾಣಿಸುತ್ತೆ. ವಿಂಡೋಸ್‌ನ ಪವರ್‌ಶೆಲ್ "ಸ್ಕ್ರಿಪ್ಟ್ ಓಡಿಸೋಕೆ ಅನುಮತಿ ಇಲ್ಲ" ಅಂತ ತಕರಾರು ತೆಗೆದರೆ ಗಾಬರಿ ಬೇಡ. ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿ ಮಾಡಿ, ಆಗುತ್ತೆ.

ಇನ್ನು ಎರಡೇ ಕಮಾಂಡ್. ಮೊದಲನೆಯದು: ಪೈಥಾನ್, ಹೈಫನ್ ಎಂ, ಪಿಪ್, ಇನ್‌ಸ್ಟಾಲ್, ಜುಪಿಟರ್‌ಲ್ಯಾಬ್. ಎರಡನೆಯದು: ಜುಪಿಟರ್, ಜಾಗ ಬಿಟ್ಟು ಲ್ಯಾಬ್. ಬರೀ ಪಿಪ್ ಅನ್ನೋ ಬದಲು ಪೈಥಾನ್ ಹೈಫನ್ ಎಂ ಪಿಪ್ ಅಂತ ಯಾಕೆ ಉದ್ದ ಬರೀಬೇಕು? ಬರೀ ಪಿಪ್ ಅಂದ್ರೆ ಅದು ಯಾವ ಪೈಥಾನ್‌ಗೆ ಸೇರಿದ ಪಿಪ್ ಅಂತ ಖಾತರಿ ಇಲ್ಲ. ಉದ್ದ ಬರೆದರೆ ಇದೇ ಪೈಥಾನ್‌ಗೆ ಹಾಕು ಅಂತ ಬೆರಳು ತೋರಿಸಿ ಹೇಳಿದ ಹಾಗೆ.

ಬ್ರೌಸರ್ ತಾನಾಗೇ ತೆರೆದುಕೊಳ್ಳುತ್ತೆ. ಮೇಲೆ ವಿಳಾಸದಲ್ಲಿ ಲೋಕಲ್‌ಹೋಸ್ಟ್ ಮತ್ತು 8888 ಅನ್ನೋ ಸಂಖ್ಯೆ ಇರುತ್ತೆ. ಲೋಕಲ್‌ಹೋಸ್ಟ್ ಅಂದ್ರೆ ಇದೇ ಕಂಪ್ಯೂಟರ್. ಇಂಟರ್‌ನೆಟ್ ತೆಗೆದರೂ ಇದು ಓಡುತ್ತೆ. ಟರ್ಮಿನಲ್ ಕಿಟಕಿಯನ್ನ ಮಾತ್ರ ಮುಚ್ಚಬೇಡಿ. ಅದು ಮುಚ್ಚಿದರೆ ಸಪ್ಲೈಯರ್ ಮನೆಗೆ ಹೋದ ಹಾಗೆ. ಕೆಲಸ ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ.

ಉಬುಂಟು ಮತ್ತು ಡೆಬಿಯನ್‌ನ ಇತ್ತೀಚಿನ ಆವೃತ್ತಿಗಳಲ್ಲಿ, ವರ್ಚುವಲ್ ಎನ್ವಿರಾನ್‌ಮೆಂಟ್ ಇಲ್ಲದೆ ನೇರವಾಗಿ ಪಿಪ್ ಓಡಿಸಿದರೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್ ಅಂತ ದೋಷ ಬರುತ್ತೆ. ಇದು ನಿಮ್ಮ ಕಂಪ್ಯೂಟರ್ ಕೆಟ್ಟಿರೋದಲ್ಲ. ಆ ಪೈಥಾನನ್ನ ಆಪರೇಟಿಂಗ್ ಸಿಸ್ಟಮ್ ತನ್ನ ಸ್ವಂತ ಕೆಲಸಕ್ಕೆ ಬಳಸ್ತಾ ಇದೆ, ನೀವು ಅದರೊಳಗೆ ಕೈ ಹಾಕಬೇಡಿ ಅಂತ ಹೇಳ್ತಿದೆ. ಇದನ್ನು ಬಲವಂತವಾಗಿ ದಾಟಿಸುವ ಒಂದು ಆಯ್ಕೆ ಇದೆ, ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅಂತ. ಅದರ ಹೆಸರಲ್ಲೇ ಎಚ್ಚರಿಕೆ ಇದೆ, ಅಲ್ವಾ? ಅದರ ತಂಟೆಗೆ ಹೋಗಬೇಡಿ. ವೆನ್ವ್ ಮಾಡಿ, ದೋಷ ಹೋಗುತ್ತೆ.

ಟರ್ಮಿನಲ್ ಅಂದ್ರೇನೇ ಭಯ ಅನ್ನೋರಿಗೆ ಜುಪಿಟರ್‌ಲ್ಯಾಬ್ ಡೆಸ್ಕ್‌ಟಾಪ್ ಅನ್ನೋ ಆ್ಯಪ್ ಇದೆ, ಬೇರೆ ಸಾಫ್ಟ್‌ವೇರ್‌ಗಳ ಹಾಗೆ ಹಾಕಿಕೊಳ್ಳಬಹುದು. ವಿಜ್ಞಾನದ ಭಾರೀ ಪ್ಯಾಕೇಜ್‌ಗಳು ಬೇಕಾದವರು ಮಿನಿಫೋರ್ಜ್ ಅಥವಾ ಮಿನಿಕೊಂಡಾ ಹಾಕಿಕೊಂಡು ಕೊಂಡಾ ಬಳಸಬಹುದು. ಪೈಥಾನ್ ಅಲ್ಲದ ಲೈಬ್ರರಿಗಳನ್ನೂ ಕೊಂಡಾ ಜೊತೆಗೇ ತಂದುಕೊಡುತ್ತೆ.

ನನ್ನ ಡೆಮೊ ಯಾಕೆ ಕೆಟ್ಟಿತು?

ಈಗ ಶುರುವಿನ ಕಥೆಗೆ ಬರೋಣ. ನಾನು ಎರಡು ತಪ್ಪು ಮಾಡಿದ್ದೆ. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಎರಡು ಪೈಥಾನ್ ಇತ್ತು. ನಾನು ಟರ್ಮಿನಲ್‌ನಲ್ಲಿ ಪಿಪ್ ಇನ್‌ಸ್ಟಾಲ್ ಅಂತ ಹಾಕಿದ್ದು ಒಂದಕ್ಕೆ, ನೋಟ್‌ಬುಕ್‌ನ ಕರ್ನಲ್ ಓಡ್ತಿದ್ದದ್ದು ಇನ್ನೊಂದರಲ್ಲಿ. ಪರೀಕ್ಷಿಸೋದು ಸುಲಭ. ಒಂದು ಸೆಲ್‌ನಲ್ಲಿ ಇಂಪೋರ್ಟ್ ಸಿಸ್ ಅಂತ ಬರೆದು, ಮುಂದಿನ ಸಾಲಲ್ಲಿ ಸಿಸ್, ಚುಕ್ಕಿ, ಎಕ್ಸಿಕ್ಯೂಟಬಲ್ ಅಂತ ಬರೆದು ಓಡಿಸಿ. ಈ ಕರ್ನಲ್ ಯಾವ ಫೋಲ್ಡರ್‌ನ ಪೈಥಾನ್ ಬಳಸ್ತಿದೆ ಅಂತ ಪೂರ್ತಿ ವಿಳಾಸ ಬರುತ್ತೆ. ನೀವು ಅಂದುಕೊಂಡದ್ದೇ ಬಂತಾ ನೋಡಿ.

ನೋಟ್‌ಬುಕ್ ಒಳಗಿಂದ ಏನಾದ್ರೂ ಹಾಕಬೇಕಾದರೆ ಆಶ್ಚರ್ಯಸೂಚಕ ಚಿಹ್ನೆಯ ಬದಲು ಪರ್ಸೆಂಟ್ ಚಿಹ್ನೆ ಬಳಸಿ. ಪರ್ಸೆಂಟ್ ಪಿಪ್ ಇನ್‌ಸ್ಟಾಲ್ ಅಂದರೆ ಆ ಕರ್ನಲ್‌ಗೇ ಹೋಗಿ ಸೇರುತ್ತೆ. ಹಾಕಿದ ಮೇಲೆ ಕರ್ನಲ್ ರೀಸ್ಟಾರ್ಟ್ ಮಾಡಿ.

ಎರಡನೇ ತಪ್ಪು, ಯಾವ ಪ್ಯಾಕೇಜಿನ ಯಾವ ಆವೃತ್ತಿ ಬಳಸಿದ್ದೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಇದಕ್ಕೆ ಒಂದೇ ಸಾಲು ಸಾಕಿತ್ತು. ಪೈಥಾನ್ ಹೈಫನ್ ಎಂ ಪಿಪ್ ಫ್ರೀಜ್ ಅಂತ ಕೊಟ್ಟು, ಬರುವ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಅನ್ನೋ ಟೆಕ್ಸ್ಟ್ ಫೈಲ್‌ಗೆ ಉಳಿಸಿಕೊಳ್ಳೋದು. ಬೇರೆ ಕಂಪ್ಯೂಟರ್‌ನಲ್ಲಿ ಹೊಸ ವೆನ್ವ್ ಮಾಡಿ, ಪಿಪ್ ಇನ್‌ಸ್ಟಾಲ್ ಹೈಫನ್ ಆರ್ ಅಂತ ಆ ಫೈಲ್ ಹೆಸರು ಕೊಟ್ಟರೆ ಅದೇ ಪಟ್ಟಿ, ಅದೇ ಆವೃತ್ತಿಗಳು.

ಜೊತೆಗೆ ಇನ್ನೊಂದು ಅಭ್ಯಾಸ. ನೋಟ್‌ಬುಕ್‌ನಲ್ಲಿ ಸೆಲ್‌ಗಳನ್ನ ಹಿಂದೆ ಮುಂದೆ ಹೇಗೆ ಬೇಕಾದ್ರೂ ಓಡಿಸಬಹುದು. ಅಳಿಸಿ ಹಾಕಿದ ಸೆಲ್‌ನ ಬೆಲೆ ಕೂಡ ಕರ್ನಲ್‌ನ ನೆನಪಲ್ಲಿ ಉಳಿದಿರುತ್ತೆ. ಹಾಗಾಗಿ ನಿಮ್ಮ ಪರದೆಯಲ್ಲಿ ಸರಿಯಾಗಿ ಕಂಡದ್ದು ಬೇರೆಯವರ ಹತ್ತಿರ ಓಡದೇ ಇರಬಹುದು. ಯಾರಿಗಾದ್ರೂ ಕಳಿಸೋ ಮೊದಲು ಕರ್ನಲ್ ಮೆನುವಿನಲ್ಲಿರುವ ರೀಸ್ಟಾರ್ಟ್ ಮಾಡಿ ಎಲ್ಲಾ ಸೆಲ್ ಓಡಿಸುವ ಆಯ್ಕೆ ಒತ್ತಿ. ಮೇಲಿಂದ ಕೆಳಗೆ ಒಂದೂ ದೋಷವಿಲ್ಲದೆ ಹೋದರೆ ಮಾತ್ರ ಕಳಿಸಿ.

ಕನ್ನಡದಲ್ಲಿ ಬರೆದರೆ?

ಇದನ್ನೂ ತುಂಬಾ ಜನ ಕೇಳ್ತಾರೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲಿ ಇಡಬಹುದು. ಮಳೆ ಈಕ್ವಲ್ ಟು 12 ಅಂತ ಬರೆದರೆ ಓಡುತ್ತೆ. ಉದ್ಧರಣ ಚಿಹ್ನೆಯೊಳಗೆ ಕನ್ನಡ ಅಂಕಿಯಲ್ಲಿ ೨೫ ಅಂತ ಬರೆದು ಇಂಟ್ ಫಂಕ್ಷನ್‌ಗೆ ಕೊಟ್ಟರೆ ಇಪ್ಪತ್ತೈದು ಅಂತ ಅರ್ಥ ಮಾಡಿಕೊಳ್ಳುತ್ತೆ. ಆದ್ರೆ ಅರ್ಧಾಕ್ಷರ ಬಿಡಿಸೋಕೆ ಕೀಬೋರ್ಡ್ ಸೇರಿಸೋ ಕಣ್ಣಿಗೆ ಕಾಣದ ಗುರುತು ಹೆಸರಿನ ಮಧ್ಯೆ ಬಂದರೆ ಪೈಥಾನ್ ಒಪ್ಪಲ್ಲ.

ಗ್ರಾಫ್‌ಗಳಲ್ಲಿ ಕಷ್ಟ ಇದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಮಾಮೂಲಿ ಫಾಂಟ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಜಿಲ್ಲೆಗಳ ಹೆಸರು ಹಾಕಿದರೆ ಬರೀ ಚೌಕಗಳು ಬರುತ್ತವೆ. ಫಾಂಟನ್ನು ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿದರೆ ಅಕ್ಷರ ಬರುತ್ತೆ, ಆದ್ರೆ ಹಲವು ಆವೃತ್ತಿಗಳಲ್ಲಿ ಒತ್ತಕ್ಷರ ಜಾಗ ತಪ್ಪಿ ಕೂರುತ್ತೆ. ಪ್ಲಾಟ್ಲಿ ಥರದ, ಬ್ರೌಸರ್‌ನಿಂದಲೇ ಅಕ್ಷರ ಬರೆಸುವ ಲೈಬ್ರರಿ ಬಳಸಿದರೆ ಚಿಕ್ಕಬಳ್ಳಾಪುರ ಚಿಕ್ಕಬಳ್ಳಾಪುರವಾಗಿಯೇ ಕಾಣುತ್ತೆ.

ಸರ್ವರ್‌ಗೆ ಹೋಗೋಣ

ಲ್ಯಾಪ್‌ಟಾಪ್‌ನಲ್ಲಿ ಮೆಮೊರಿ ಸಾಲದು, ಮಾಡೆಲ್ ಒಂದು ಇಡೀ ರಾತ್ರಿ ಓಡಬೇಕು, ಡೇಟಾ ಎಲ್ಲಾ ಕಾಲೇಜಿನ ಯಂತ್ರದಲ್ಲಿದೆ. ಇಂಥ ಹೊತ್ತಲ್ಲಿ ಅಡುಗೆಮನೆಯನ್ನ ಸರ್ವರ್‌ಗೆ ಸಾಗಿಸ್ತೀವಿ. ಇನ್‌ಸ್ಟಾಲ್ ಮಾಡೋ ಕ್ರಮ ಈಗ ಹೇಳಿದ್ದೇ: ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ, ವೆನ್ವ್ ಮಾಡಿ, ಜುಪಿಟರ್‌ಲ್ಯಾಬ್ ಹಾಕಿ. ಶುರು ಮಾಡುವಾಗ ಜುಪಿಟರ್ ಲ್ಯಾಬ್ ಜೊತೆಗೆ ಎರಡು ಹೈಫನ್, ನೋ, ಹೈಫನ್, ಬ್ರೌಸರ್ ಅಂತ ಸೇರಿಸಿ, ಯಾಕಂದ್ರೆ ಸರ್ವರ್‌ನಲ್ಲಿ ತೆರೆಯೋಕೆ ಪರದೆಯೇ ಇರಲ್ಲ.

ಈಗ ಪ್ರಶ್ನೆ, ಅಲ್ಲಿ ಓಡ್ತಿರೋದನ್ನ ಇಲ್ಲಿಂದ ನೋಡೋದು ಹೇಗೆ?

ಇಲ್ಲೇ ನಾನು ಜಾರಿ ಬಿದ್ದದ್ದು. ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ತಗೊಂಡಿದ್ದೆ. ನಾವು ಮೂವರು ಗೆಳೆಯರು ಸೇರಿ ಒಂದು ಸಮೀಕ್ಷೆ ಮಾಡಿದ್ವಿ, ಅದರ ಉತ್ತರಗಳನ್ನೆಲ್ಲಾ ಅಲ್ಲಿ ಹಾಕಿದ್ವಿ. ಎಲ್ಲರಿಗೂ ಸುಲಭವಾಗಲಿ ಅಂತ, ಯಾವುದೋ ವಿಡಿಯೋ ನೋಡಿ, ಐಪಿ ಜಾಗದಲ್ಲಿ ನಾಲ್ಕು ಸೊನ್ನೆ ಕೊಟ್ಟೆ. ಅಂದ್ರೆ ಪ್ರಪಂಚದ ಯಾವ ಮೂಲೆಯಿಂದಾದ್ರೂ ಬರಬಹುದು ಅಂತ. ಪದೇ ಪದೇ ಟೋಕನ್ ಕೇಳೋದು ಕಿರಿಕಿರಿ ಅಂತ ಅದನ್ನೂ ಖಾಲಿ ಮಾಡಿದೆ. ಮನೆಗೆ ಬೀಗವೂ ಇಲ್ಲ, ಬಾಗಿಲೂ ಹಾಕಿಲ್ಲ.

ಎರಡು ದಿನ ಚೆನ್ನಾಗಿತ್ತು. ಮೂರನೇ ಬೆಳಿಗ್ಗೆ ನೋಡಿದ್ರೆ ಸರ್ವರ್ ಆಮೆ ಥರ. ಪ್ರೊಸೆಸರ್ ನೂರಕ್ಕೆ ನೂರು ಓಡ್ತಿದೆ, ನಾನು ಹಾಕದೇ ಇರೋ ಯಾವುದೋ ಪ್ರೋಗ್ರಾಂ ಕೂತಿದೆ. ನಮ್ಮ ಯಂತ್ರದಲ್ಲಿ ಯಾರೋ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸ್ತಿದ್ರು. ಬೀಗ ಇಲ್ಲದ ಜುಪಿಟರ್ ಸರ್ವರ್‌ಗಳನ್ನ ಇಂಟರ್‌ನೆಟ್ ತುಂಬಾ ಹುಡುಕುತ್ತಾ ಇರೋ ಸ್ವಯಂಚಾಲಿತ ಪ್ರೋಗ್ರಾಂಗಳಿವೆ ಅಂತ ನನಗೆ ಆಮೇಲೆ ಗೊತ್ತಾಯ್ತು.

ಇದು ಯಾಕೆ ಅಷ್ಟು ಅಪಾಯ ಅಂದ್ರೆ, ನೋಟ್‌ಬುಕ್ ಇರೋದೇ ಕೋಡ್ ಓಡಿಸೋಕೆ. ಜುಪಿಟರ್‌ಲ್ಯಾಬ್ ಒಳಗೆ ಟರ್ಮಿನಲ್ ಕೂಡ ಇದೆ. ಒಳಗೆ ಬಂದವರು ಬೀಗ ಒಡೆಯೋ ಕಷ್ಟವೇ ಪಡಬೇಕಿಲ್ಲ, ನಿಮ್ಮ ಹೆಸರಲ್ಲಿ ನೀವು ಏನೇನು ಮಾಡಬಹುದೋ ಅದೆಲ್ಲಾ ಅವರೂ ಮಾಡಬಹುದು. ಒಳಗೆ ಬಂದವರು ಏನೇನು ಓದಿದ್ರು, ಏನೇನು ಬಚ್ಚಿಟ್ಟು ಹೋದ್ರು ಅಂತ ನಂಬಿಕೆಯಿಂದ ಹೇಳೋ ದಾರಿ ಇರಲಿಲ್ಲ. ಆ ಸರ್ವರನ್ನ ಪೂರ್ತಿ ಅಳಿಸಬೇಕಾಯ್ತು. ಕೆಲಸ ಹೋದದ್ದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಆ ಸಮೀಕ್ಷೆಯಲ್ಲಿ ನಮ್ಮನ್ನು ನಂಬಿ ಉತ್ತರ ಕೊಟ್ಟವರ ಹೆಸರು, ಫೋನ್ ನಂಬರ್ ಇತ್ತು. ಅವರೆಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ಹೀಗಾಗಿದೆ, ತಪ್ಪು ನನ್ನದು ಅಂತ ಹೇಳಿದೆ. ಆ ಫೋನ್ ಕರೆಗಳು ನನಗೆ ಇನ್ನೂ ನೆನಪಿವೆ.

ಸರಿಯಾದ ದಾರಿ ಸುಲಭವೇ ಇತ್ತು. ಅದರ ಹೆಸರು ಎಸ್‌ಎಸ್‌ಎಚ್ ಸುರಂಗ. ಜುಪಿಟರ್ ಸರ್ವರ್‌ನ ಒಳಗೇ, ಲೋಕಲ್‌ಹೋಸ್ಟ್‌ನಲ್ಲೇ ಓಡ್ತಾ ಇರಲಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹೀಗೆ ಟೈಪ್ ಮಾಡಿ: ಎಸ್‌ಎಸ್‌ಎಚ್, ಹೈಫನ್ ದೊಡ್ಡ ಎಲ್, 8888 ಕೋಲನ್ ಲೋಕಲ್‌ಹೋಸ್ಟ್ ಕೋಲನ್ 8888, ಜಾಗ ಬಿಟ್ಟು ನಿಮ್ಮ ಬಳಕೆದಾರ ಹೆಸರು, ಅಟ್ ಚಿಹ್ನೆ, ಸರ್ವರ್ ವಿಳಾಸ. ಈಗ ನಿಮ್ಮ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಕೋಲನ್ 8888 ತೆರೆದರೆ ದೂರದ ನೋಟ್‌ಬುಕ್ ಬರುತ್ತೆ. ಮಧ್ಯದ ಮಾತೆಲ್ಲಾ ಗೂಢಲಿಪಿಯಲ್ಲಿ ಹೋಗುತ್ತೆ, ಹೊರಗಿನವರಿಗೆ ಆ ಬಾಗಿಲೇ ಕಾಣಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಇನ್ನೊಂದು ಜುಪಿಟರ್ 8888ರಲ್ಲಿ ಇದ್ದರೆ ಮೊದಲ ಸಂಖ್ಯೆಯನ್ನ 9999 ಅಂತ ಬದಲಿಸಿ, ಬ್ರೌಸರ್‌ನಲ್ಲೂ ಅದನ್ನೇ ಕೊಡಿ.

ಟೋಕನ್ ನೆನಪಿಟ್ಟುಕೊಳ್ಳೋದು ಕಷ್ಟ ಅನ್ನಿಸಿದರೆ ಅದನ್ನ ತೆಗೆಯಬೇಡಿ, ಜುಪಿಟರ್ ಸರ್ವರ್ ಪಾಸ್‌ವರ್ಡ್ ಅನ್ನೋ ಕಮಾಂಡ್ ಕೊಟ್ಟು ಗಟ್ಟಿ ಪಾಸ್‌ವರ್ಡ್ ಇಡಿ. ರೂಟ್ ಬಳಕೆದಾರನಾಗಿ ಓಡಿಸಬೇಡಿ. ಜುಪಿಟರ್ ತಾನಾಗೇ ಅದಕ್ಕೆ ಒಪ್ಪಲ್ಲ, ಬಲವಂತ ಮಾಡೋಕೆ ಹೋಗಬೇಡಿ.

ಇನ್ನೊಂದು ಮಾತು. ಸುಮ್ಮನೆ ಶುರು ಮಾಡಿದ ಜುಪಿಟರ್, ಸಂಪರ್ಕ ಕಡಿದ ಕೂಡಲೇ ಸಾಮಾನ್ಯವಾಗಿ ನಿಂತುಹೋಗುತ್ತೆ. ಕರೆಂಟ್ ಹೋಗಿ ವೈಫೈ ಆಫ್ ಆದರೆ ರಾತ್ರಿಯ ಲೆಕ್ಕವೆಲ್ಲಾ ಹೋಯ್ತು. ಅದಕ್ಕೆ ಟಿಮಕ್ಸ್ ಅನ್ನೋ ಸಾಧನದ ಒಳಗೆ ಶುರು ಮಾಡಿ. ನೀವು ಹೊರಗೆ ಬಂದರೂ ಅದು ಅಲ್ಲೇ ಓಡ್ತಾ ಇರುತ್ತೆ. ದೀರ್ಘ ಲೆಕ್ಕದ ಫಲಿತಾಂಶವನ್ನು ಪರದೆ ಮೇಲೆ ಮಾತ್ರ ನಂಬಬೇಡಿ, ಫೈಲ್‌ಗೆ ಬರೆಸಿ. ಬ್ರೌಸರ್ ಮುಚ್ಚಿದ್ದಾಗ ಬಂದ ಔಟ್‌ಪುಟ್ ಆಮೇಲೆ ಸಿಗದೇ ಹೋಗಬಹುದು.

ತರಗತಿಗೊಂದೇ ಸರ್ವರ್, ಕೈಯಲ್ಲಿ ಫೋನ್

ಕೊನೆಯ ಭಾಗ, ಇದು ಫೋನ್ ಮಾತ್ರ ಇರೋ ಕೇಳುಗರಿಗೆ. ಪದವಿ ಕಾಲೇಜೊಂದರಲ್ಲಿ ಪಾಠ ಮಾಡೋ ನನ್ನ ಗೆಳೆಯನ ತರಗತಿಯಲ್ಲಿ ನಲವತ್ತು ಮಕ್ಕಳು. ಅರ್ಧಕ್ಕಿಂತ ಹೆಚ್ಚು ಜನರ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ, ಫೋನ್ ಎಲ್ಲರ ಹತ್ತಿರವೂ ಇತ್ತು. ನಲವತ್ತು ಕಡೆ ಇನ್‌ಸ್ಟಾಲ್ ಮಾಡಿಸೋ ಬದಲು ಒಂದೇ ಸರ್ವರ್‌ನಲ್ಲಿ ಜುಪಿಟರ್‌ಹಬ್ ಹಾಕಿದ್ವಿ. ಪ್ರತಿಯೊಬ್ಬರೂ ತಮ್ಮ ಹೆಸರಲ್ಲಿ ಲಾಗಿನ್ ಆಗ್ತಾರೆ, ಪ್ರತಿಯೊಬ್ಬರಿಗೂ ಬೇರೆ ಅಡುಗೆಮನೆ, ಬೇರೆ ಫೋಲ್ಡರ್.

ಸಣ್ಣ ಗುಂಪಿಗೆ ಲಿಟ್ಲೆಸ್ಟ್ ಜುಪಿಟರ್‌ಹಬ್ ಅನ್ನೋ ಸರಳ ಆವೃತ್ತಿ ಇದೆ. ಒಂದೇ ಯಂತ್ರ, ಸುಮಾರು ನೂರು ಜನರವರೆಗೆ. ಹೊಸ ಉಬುಂಟು ಯಂತ್ರ ಬೇಕು, ಕನಿಷ್ಠ 1 ಜಿಬಿ ಮೆಮೊರಿ ಬೇಕು. ಅದರ ಅಧಿಕೃತ ಕೈಪಿಡಿಯಲ್ಲಿರುವ ಒಂದೇ ಕಮಾಂಡ್ ಎಲ್ಲವನ್ನೂ ಹಾಕುತ್ತೆ. ದೊಡ್ಡ ಸಂಸ್ಥೆಗಳು ಕುಬರ್ನೆಟೀಸ್ ಮೇಲೆ ಓಡೋ ಆವೃತ್ತಿ ಬಳಸ್ತಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇಟಾ 8 ಅನ್ನೋ ತರಗತಿ ಜುಪಿಟರ್‌ಹಬ್ ಮೇಲೆ ನಡೆಯುತ್ತೆ.

ಎಷ್ಟು ಮೆಮೊರಿ ಬೇಕು ಅಂತ ಲೆಕ್ಕ ಹಾಕೋ ಸೂತ್ರ ಸರಳ. ಒಂದೇ ಹೊತ್ತಿಗೆ ಎಷ್ಟು ಜನ ಬರ್ತಾರೆ, ಒಬ್ಬೊಬ್ಬರಿಗೆ ಎಷ್ಟು ಮೆಮೊರಿ, ಇವೆರಡರ ಗುಣಲಬ್ಧಕ್ಕೆ 128 ಎಂಬಿ ಸೇರಿಸಿ. ನಲವತ್ತು ಜನ ಒಟ್ಟಿಗೆ ಬಂದು ಒಬ್ಬೊಬ್ಬರಿಗೆ 1 ಜಿಬಿ ಅಂದ್ರೆ 40 ಜಿಬಿಗಿಂತ ಹೆಚ್ಚಾಯ್ತು, ಅದು ದುಬಾರಿ. ಎರಡು ಬ್ಯಾಚ್ ಮಾಡಿ, ಇಪ್ಪತ್ತು ಜನಕ್ಕೆ 512 ಎಂಬಿ ಕೊಟ್ಟರೆ 10 ಜಿಬಿ ಚಿಲ್ಲರೆ ಸಾಕು. ನಾವು ಎರಡನೆಯದನ್ನೇ ಮಾಡಿದ್ವಿ. ಒಬ್ಬೊಬ್ಬರಿಗೆ ಮಿತಿ ಇಡೋದನ್ನ ಮಾತ್ರ ಮರೀಬೇಡಿ. ಇಲ್ಲದಿದ್ದರೆ ಒಬ್ಬ ಹುಡುಗ ದೊಡ್ಡ ಫೈಲ್ ತೆರೆದರೆ ಇಡೀ ತರಗತಿ ನಿಲ್ಲುತ್ತೆ.

ಗಮನಿಸಬೇಕಾದ ವಿಷಯಗಳು ಇನ್ನೂ ಮೂರಿವೆ. ಇದರಲ್ಲಿ ಮಾಮೂಲಿಯಾಗಿ, ಮೊದಲ ಸಲ ಲಾಗಿನ್ ಆದಾಗ ಕೊಟ್ಟದ್ದೇ ಪಾಸ್‌ವರ್ಡ್ ಆಗಿಬಿಡುತ್ತೆ. ಹಾಗಾಗಿ ಹಾಕಿದ ತಕ್ಷಣ ಅಡ್ಮಿನ್ ಆಗಿ ನೀವೇ ಮೊದಲು ಒಳಗೆ ಹೋಗಿ. ಎಲ್ಲರಿಗೂ ವಿಳಾಸ ಹಂಚುವ ಮೊದಲು ಲೆಟ್ಸ್ ಎನ್‌ಕ್ರಿಪ್ಟ್ ಬಳಸಿ ಎಚ್‌ಟಿಟಿಪಿಎಸ್ ಹಾಕಿಸಿ, ಅದು ಉಚಿತ. ಮೂರನೆಯದು, ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಅದು ಆ ವಿದ್ಯಾರ್ಥಿಯ ಸರ್ವರನ್ನ ನಿಲ್ಲಿಸುತ್ತೆ. ಉಳಿಸಿದ ಫೈಲ್ ಹೋಗಲ್ಲ, ಆದ್ರೆ ಕರ್ನಲ್‌ನ ನೆನಪು ಹೋಗುತ್ತೆ. ಮತ್ತೆ ಬಂದಾಗ ಮೇಲಿಂದ ಓಡಿಸಬೇಕು, ಅಷ್ಟೇ.

ಫೋನ್ ಪರದೆಯಲ್ಲಿ ಕೋಡ್ ಬರೆಯೋದು ಆರಾಮ ಅಂತ ನಾನು ಸುಳ್ಳು ಹೇಳಲ್ಲ. ಬೆರಳು ನೋಯುತ್ತೆ, ಆವರಣ ಚಿಹ್ನೆ ಹುಡುಕೋದೇ ದೊಡ್ಡ ಕೆಲಸ. ಆದ್ರೆ ಆ ತರಗತಿಯ ಒಬ್ಬ ಹುಡುಗಿ ಇಡೀ ಸೆಮಿಸ್ಟರ್‌ನ ಅಸೈನ್‌ಮೆಂಟ್‌ಗಳನ್ನು ಹಾಸ್ಟೆಲ್‌ನಲ್ಲಿ ಕೂತು ಫೋನ್‌ನಲ್ಲೇ ಮುಗಿಸಿದಳು. ಲೆಕ್ಕ ನಡೀತಿದ್ದದ್ದು ಸರ್ವರ್‌ನಲ್ಲಿ, ಅವಳ ಫೋನ್ ಬರೀ ಟೇಬಲ್ ಆಗಿತ್ತು. ಅವಳ ನೋಟ್‌ಬುಕ್ ಲ್ಯಾಬ್‌ನಲ್ಲಿ ತೆರೆದಾಗಲೂ ಹಾಗೇ ಓಡಿತು, ಯಾಕಂದ್ರೆ ಎಲ್ಲರದ್ದೂ ಒಂದೇ ಅಡುಗೆಮನೆ. ನನ್ನ ಡೆಮೊ ದಿನ ನನಗೆ ಸಿಗದೇ ಇದ್ದದ್ದು ಅವಳಿಗೆ ಸಿಕ್ಕಿತು.

ಏನೂ ಇನ್‌ಸ್ಟಾಲ್ ಮಾಡದೆ ಈಗಲೇ ಕೈಯಾಡಿಸಿ ನೋಡಬೇಕು ಅನ್ನೋರು ಜುಪಿಟರ್‌ಲೈಟ್ ಪ್ರಯತ್ನಿಸಿ, ಅದು ಪೂರ್ತಿ ಬ್ರೌಸರ್ ಒಳಗೇ ಓಡುತ್ತೆ. ಗೂಗಲ್ ಕೋಲ್ಯಾಬ್ ಕೂಡ ಇದೆ, ಆದ್ರೆ ಅಲ್ಲಿ ಸೆಷನ್ ಮುಗಿದರೆ ಆ ಯಂತ್ರಕ್ಕೆ ಹಾಕಿದ ಫೈಲ್‌ಗಳು ಹೋಗುತ್ತವೆ, ಬೇಕಾದದ್ದನ್ನ ಡ್ರೈವ್‌ಗೆ ಉಳಿಸಿಕೊಳ್ಳಿ.

ಹೋಗೋ ಮುಂಚೆ ಇಷ್ಟು ನೆನಪಿಟ್ಟುಕೊಳ್ಳಿ. ಪ್ರಾಜೆಕ್ಟ್‌ಗೊಂದು ವೆನ್ವ್. ಕಳಿಸೋ ಮೊದಲು ರಿಕ್ವೈರ್‌ಮೆಂಟ್ಸ್ ಫೈಲ್, ಆಮೇಲೆ ಕರ್ನಲ್ ರೀಸ್ಟಾರ್ಟ್ ಮಾಡಿ ಪೂರ್ತಿ ಓಡಿಸೋದು. ಸರ್ವರ್ ಆದ್ರೆ ಸುರಂಗ, ಟೋಕನ್ ತೆಗೆಯೋ ಮಾತೇ ಇಲ್ಲ. ಮತ್ತೆ, ನಿಮ್ಮ ನೋಟ್‌ಬುಕ್‌ನಲ್ಲಿ ಬೇರೆಯವರ ಮಾಹಿತಿ ಇದ್ದರೆ ಅದು ಅವರು ನಿಮ್ಮ ಕೈಗೆ ಕೊಟ್ಟ ಒಡವೆ ಅಂತ ತಿಳ್ಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ನಮಗೆ ಬರೆದು ತಿಳಿಸಿ. ಕೆಂಪು ಅಕ್ಷರದ ಕೊನೆಯ ಸಾಲನ್ನ ಹಾಗೇ ಕಾಪಿ ಮಾಡಿ ಕಳಿಸಿದರೆ ಇನ್ನೂ ಒಳ್ಳೇದು, ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.